ಮುಚ್ಚಿದ ಬೆಕ್ಕಿನ ಕಿಂಡಿ

"ಕೀಲಿಕೈ ಇತ್ತ ಕೊಡು ಇಜ್ಜಾ," ಅಂದೆ.

ಅವಳು ಕೊಡಲಿಲ್ಲ. ಕತ್ತಿನ ದಾರದಲ್ಲಿ ತೂಗುತ್ತಿದ್ದ ಮರದ ಕೀಲಿಕೈಯನ್ನು ಮುಷ್ಟಿಯಲ್ಲಿ ಹಿಡಿದು, "ನಾನೇ ತೆಗೀತೀನಿ ಕಲ್ತೂಮಕ್ಕ. ಇದು ನನ್ನಮ್ಮನ ಕೋಣೆ," ಅಂದಳು.

ತೆಗಿ ತಾಯಿ, ಬೇಡ ಅಂದವರ್ಯಾರು. ನನ್ನ ಮಂಡಿಗಳು ಆಗಲೇ ನನಗೆ ಶಾಪ ಹಾಕುತ್ತಿದ್ದವು. ಊರಿನ ಮನೆಮನೆಯವರೂ ಕಾಳು, ಒಡವೆ ಬೀಗ ಹಾಕಿ ಇಡುವ ಮೂರು ಅಂತಸ್ತಿನ ಆ ಕಣಜದ ಕೋಟೆಯಲ್ಲಿ ಮೆಟ್ಟಿಲು ಅಂದರೆ ಗೋಡೆಯಿಂದ ಹೊರಕ್ಕೆ ಚಾಚಿದ ಚಪ್ಪಡಿಗಳು, ಅಷ್ಟೇ. ಹಿಡಿದುಕೊಳ್ಳಲು ಒಂದು ಹಗ್ಗವೂ ಇಲ್ಲ. ನಮ್ಮ ಅಜ್ಜಿಯಂದಿರು ಬೆನ್ನ ಮೇಲೆ ಮೂಟೆ ಹೊತ್ತು ಇದನ್ನು ಹತ್ತುತ್ತಿದ್ದರಂತೆ. ನಾನು ಒಂದು ಕೈಚೀಲ ಹೊತ್ತು ಹತ್ತುವಷ್ಟರಲ್ಲಿ ಸಾಕುಬೇಕಾಗಿತ್ತು.

ಇಜ್ಜಾಳಿಗೂ ಅವಳ ಗಂಡ ಬೀಹಿಗೂ ವಿಚ್ಛೇದನದ ಕೇಸು ನಡೆದಿತ್ತು. ಮಾರನೇ ದಿನ ಬೆಳಿಗ್ಗೆ ತಿಜ್ನಿತ್ ಪಟ್ಟಣದ ಕೋರ್ಟಿನಲ್ಲಿ ಆಸ್ತಿಯ ವಿಚಾರಣೆ. ಅವಳ ವಕೀಲೆ ಪುರಾವೆ ಹುಡುಕಿಕೊಂಡು ಬಾ ಎಂದು ನನ್ನನ್ನು ಅಟ್ಟಿದ್ದಳು.

"ಬೇಗ ತೆಗೀರಮ್ಮ, ನನಗೆ ಕಾಸಾಬ್ಲಾಂಕಾದಲ್ಲಿ ಅಂಗಡಿ ಇದೆ," ಅಂತ ಹಿಂದಿನಿಂದ ಬೀಹಿ ಅಂದ. ಒಗೆದು ಮಡಿಸಿದ ಬಿಳಿ ಜಲಾಬಾ ನಿಲುವಂಗಿ ತೊಟ್ಟು, ಮೊಬೈಲನ್ನು ಎದೆಯ ಜೇಬಿನಲ್ಲಿ ಸಿಕ್ಕಿಸಿಕೊಂಡು, ಸಂತೆಗೆ ಬಂದವನ ಹಾಗೆ ನಿಂತಿದ್ದ.

"ಒಂದಲ್ಲ, ಎರಡು ಅಂಗಡಿ," ಅಂದೆ. "ಈ ವರ್ಷ ಕೊಂಡ ಎರಡನೆಯದು ಇವಳಮ್ಮನ ಬೆಳ್ಳಿ ಮಾರಿ ಬಂತೋ ಏನೋ ಅಂತ ನೋಡೋಕೆ ತಾನೇ ನಾವು ಇಷ್ಟು ಮೇಲೆ ಹತ್ತಿ ಬಂದಿದ್ದು?"

"ನನ್ನಪ್ಪ ಬಿಟ್ಟುಹೋದದ್ದರಿಂದ ಬಂತು ಅಕ್ಕ. ನಮ್ಮ ಕಾನೂನು ನಿಮಗೆ ನಾನು ಹೇಳಬೇಕಾ? ಗಂಡನ ಸೊತ್ತು ಗಂಡನದು, ಹೆಂಡತಿಯದು ಹೆಂಡತಿಯದು."

"ಕಾನೂನು ಅಲ್ಲಿಗೇ ನಿಲ್ಲಲ್ಲ ಬೀಹಿ. ಮದುವೆ ಆದಮೇಲೆ ಗಳಿಸಿದ್ದರಲ್ಲಿ ಅವಳ ಬೆವರೋ ಒಡವೆಯೋ ಬಿದ್ದಿದ್ದರೆ ಅವಳಿಗೂ ಪಾಲುಂಟು. ಕಾನೂನು ಬರೋಕೆ ಮುಂಚೆಯಿಂದ ನಮ್ಮ ಸೂಸ್ ಸೀಮೆಯಲ್ಲಿ ಇದೇ ರೂಢಿ."

"ಉಂಟು, ಉಂಟು. ತೋರಿಸಿಕೊಟ್ಟರೆ ಉಂಟು."

ಅದೇ ಸಂಕಟ. ತೋರಿಸಿಕೊಡಬೇಕಾದವಳು ಹೆಂಡತಿ. ತೋರಿಸದಿದ್ದರೆ ಇಜ್ಜಾಳಿಗೆ ಸಿಗುವುದು ಕೆಲವು ತಿಂಗಳ ಜೀವನಾಂಶ, ಜೊತೆಗೊಂದು ಬೀಳ್ಕೊಡುಗೆಯ ಕಾಣಿಕೆ. ಆಮೇಲೆ ಅವಳೇ ಬೆನ್ನ ಮೇಲೆ ಕಲ್ಲು ಹೊತ್ತು ಕಟ್ಟಿದ ಮನೆಯಿಂದ ಹೊರಗೆ. ಬೀಹಿ ಹದಿನಾಲ್ಕನೇ ವಯಸ್ಸಿಗೇ ಚಿಕ್ಕಪ್ಪನ ದಿನಸಿ ಅಂಗಡಿ ಸೇರಿದವನು, ವರ್ಷಕ್ಕೊಮ್ಮೆ ಕುರಿಹಬ್ಬಕ್ಕೆ ಊರಿಗೆ ಬರುವವನು. ಹೊಲ, ಆಡು, ಅತ್ತೆ ಮಾವನ ಸೇವೆ, ಆರ್ಗಾನ್ ಕಾಯಿ ಒಡೆದು ಎಣ್ಣೆ ತೆಗೆಯುವುದು, ಎಲ್ಲ ಇವಳ ಪಾಲಿಗೆ. ಇಪ್ಪತ್ತೆರಡು ವರ್ಷ ಹೀಗೆ ದುಡಿದವಳ ಹೆಸರಿನಲ್ಲಿ ಒಂದು ಕೋಳಿ ಗೂಡೂ ಇಲ್ಲ ಅಂದರೆ ಹೊಟ್ಟೆ ಉರಿಯುತ್ತದೋ ಇಲ್ಲವೋ ನೀವೇ ಹೇಳಿ.

ಇಜ್ಜಾ ಬಾಗಿಲ ಪಕ್ಕದ ತೂತಿಗೆ ತೋಳು ತೂರಿಸಿ, ಹಲ್ಲುಜ್ಜುವ ಬ್ರಷ್ಷಿನ ಹಾಗಿದ್ದ ಆ ಕೀಲಿಕೈಯನ್ನು ಅಗುಳಿಯೊಳಗೆ ಮೇಲಕ್ಕೆತ್ತಿದಳು. ಒಳಗಿನ ಮರದ ಗೂಟಗಳು ಕಟಕಟ ಅಂದವು. ಬಾಗಿಲು ತೆರೆಯಿತು.

ಉದ್ದಕ್ಕೆ ಗುಹೆಯ ಹಾಗಿದ್ದ ಕೋಣೆ. ಒಳಗೆ ಎದೆಮಟ್ಟ ಬಾರ್ಲಿ ರಾಶಿ, ಬೇರೇನೂ ಇಲ್ಲ.

"ಹೋದ ತಿಂಗಳು ತೆಗೆದಾಗಲೂ ಹೀಗೇ ಇತ್ತು," ಅಂದಳು ಇಜ್ಜಾ. "ಅಮ್ಮ ತೀರಿಕೊಂಡ ವರ್ಷ ಅವಳ ಬೆಳ್ಳಿ ಒಡವೆಯ ಪೆಟ್ಟಿಗೆ ಇಲ್ಲಿಟ್ಟು ಬೀಗ ಹಾಕಿದ್ದೆ. ಎಂಟು ವರ್ಷ ಈ ಕಡೆ ತಲೆ ಹಾಕಲಿಲ್ಲ. ಇಲ್ಲಿ ಇಟ್ಟದ್ದು ಎಲ್ಲಿ ಹೋಗುತ್ತೆ ಅಂತ. ಈ ಬಾರ್ಲಿ ನಾನಿಟ್ಟದ್ದಲ್ಲ."

"ನೀನಿಟ್ಟದ್ದಲ್ಲ, ನಿಮ್ಮಮ್ಮ ಇಟ್ಟದ್ದು," ಅಂದ ಬೀಹಿ. "ಆ ಮುದುಕಿ ಹತ್ತಿರ ಬಾರ್ಲಿ ಬಿಟ್ಟು ಏನಿತ್ತು? ಬೆಳ್ಳಿಯಂತೆ. ಹಮ್ಮಜ್ಜ, ನೀವೇ ಹೇಳಿ."

ಹಮ್ಮಜ್ಜ ಈ ಕೋಟೆಯ ಕಾವಲಿನವನು. ಮೂರು ತಲೆಮಾರಿನಿಂದ ಆ ಕೆಲಸ ಅವರ ಮನೆಯವರದೇ. ಅವನು ಕೋಲಿನ ತುದಿ ನೋಡುತ್ತ, ಕೋರ್ಟಿಗೆ ಕೊಟ್ಟ ಹೇಳಿಕೆಯನ್ನೇ ಒಪ್ಪಿಸಿದ. "ಬೆಳ್ಳಿ ನಾ ಕಂಡಿಲ್ಲ. ಬಾರ್ಲಿ ಅವರಮ್ಮನದು. ಹೋದ ತಿಂಗಳು ಇಜ್ಜಾ ತೆಗೆಯೋ ತನಕ ಎಂಟು ವರ್ಷ ಈ ಬಾಗಿಲು ಯಾರೂ ತೆಗೆದಿಲ್ಲ."

ಮಾತು ಮುಗಿಸಿದವನು ಇಜ್ಜಾಳ ಕಡೆ ತಿರುಗಿ ನೋಡಲಿಲ್ಲ. ಅದನ್ನು ನಾನು ಗಮನಿಸಿಕೊಂಡೆ.

"ಇಜ್ಜಾ, ಆ ಬೆಳ್ಳಿ ಹೇಗಿತ್ತು, ಇನ್ನೊಂದು ಸಲ ಹೇಳು. ಎಲ್ಲರಿಗೂ ಕೇಳಲಿ."

"ಹೊದಿಕೆಗೆ ಎದೆ ಮೇಲೆ ಸಿಕ್ಕಿಸೋ ತ್ರಿಕೋನದ ಬಿಲ್ಲೆ, ಜೋಡಿ. ಒಂದೊಂದೂ ನನ್ನ ಅಂಗೈಯಷ್ಟು ಅಗಲ. ಅಂಚಿಗೆ ಐದು ಮೊಗ್ಗು. ಒಂದರಲ್ಲಿ ಮೊಗ್ಗು ನಾಲ್ಕೇ. ನನ್ನ ಮದುವೆ ದಿನ ಹೇಸರಗತ್ತೆಯಿಂದ ಬಿದ್ದೆ ನೋಡಿ, ಆಗ ಮುರೀತು. ಅಮ್ಮ ನನ್ನ ಕೈಕಾಲು ನೋಡಲಿಲ್ಲ, ಮೊದಲು ಬಿಲ್ಲೆ ನೋಡಿದಳು." ಅವಳಿಗೆ ನಗು ಬಂತು, ಅರ್ಧಕ್ಕೇ ಅಳುವಾಯಿತು.

"ಕೀಲಿಕೈ ಯಾವತ್ತಾದರೂ ಬೇರೆಯವರ ಕೈಗೆ ಹೋಗಿತ್ತಾ?"

"ಎಲ್ಲಿ ಹೋಗುತ್ತೆ? ಮಲಗಿದರೂ ಕತ್ತಲ್ಲೇ. ಹಮ್ಮಾಮಿಗೆ ಸ್ನಾನಕ್ಕೆ ಹೋದಾಗ ಮಾತ್ರ ತೆಗೀತೀನಿ. ಆಗ ಬಟ್ಟೆಗಂಟು ಕಾಯೋಕೆ ತಿಲೀಲಾ ಇರ್ತಾಳಲ್ಲ."

ತಿಲೀಲಾ ಅವಳ ಮಗಳು, ಒಬ್ಬಳೇ. ಬರುವ ತಿಂಗಳು ಮದುವೆ. ನಮ್ಮ ಜೊತೆ ಬಂದಿದ್ದಳು, ಆದರೆ ಬೆಟ್ಟದ ಬುಡದಲ್ಲಿ ನನ್ನ ಹಳೇ ರೆನೋ ಕಾರಿನಿಂದ ಇಳಿಯಲೇ ಇಲ್ಲ. ತಲೆಸುತ್ತು, ಎತ್ತರ ಆಗಲ್ಲ ಅಂದಳು. ಆಡು ಮೇಯಿಸಿ ಬೆಳೆದ ಹುಡುಗಿಗೆ ಎತ್ತರ ಆಗಲ್ಲವಂತೆ. ಅದನ್ನೂ ಒಂದು ಕಡೆ ತೆಗೆದಿಟ್ಟುಕೊಂಡೆ.

ನಾನು ಕೋಣೆಯೊಳಗೆ ನುಗ್ಗಿ ಬಾರ್ಲಿಗೆ ಕೈ ಹಾಕಿದೆ. ಮುಷ್ಟಿ ತುಂಬ ತೆಗೆದು ಬೆಳಕಿಗೆ ಹಿಡಿದೆ. ಮೂಸಿದೆ. ಹಲ್ಲಲ್ಲಿ ಕಚ್ಚಿದೆ.

"ರುಚಿ ನೋಡ್ತಿದ್ದೀರಾ ಅಕ್ಕ? ಗಂಜಿ ಮಾಡಿಸಲಾ?" ಅಂತ ಬೀಹಿ ನಕ್ಕ.

ಆಗ ಬಂತು ಬೆಕ್ಕು.

ಹಮ್ಮಜ್ಜನ ಸಾಕಣೆ, ಕಿವಿ ಹರಿದ ಬೂದು ಬೆಕ್ಕು. ಕೋಟೆಯ ಪ್ರತಿ ಬಾಗಿಲ ಪಕ್ಕ, ಗೋಡೆಯ ಬುಡದಲ್ಲಿ ಒಂದು ಕಿಂಡಿ ಇರುತ್ತದೆ, ಬೆಕ್ಕು ಹೋಗಿ ಬರಲಿ ಅಂತ. ಇದು ಸಾಲಿನ ಮೊದಲ ಕಿಂಡಿಯಲ್ಲಿ ತೂರಿತು, ಹೊರಬಂತು. ಎರಡನೆಯದರಲ್ಲಿ ತೂರಿತು, ಹೊರಬಂತು. ನಮ್ಮ ಬಾಗಿಲಿಗೆ ಬಂದು ಬುಡದ ಗೋಡೆಗೆ ಮೂತಿ ಒತ್ತಿತು. ಒಳಗೆ ಹೋಗಲಾಗಲಿಲ್ಲ. ಬಾಗಿಲು ತೆರೆದೇ ಇದ್ದರೂ ಅದಕ್ಕೆ ಅದು ಬೇಕಿರಲಿಲ್ಲ. ಕಿಂಡಿಯಿದ್ದ ಜಾಗವನ್ನು ಕೆರೆದು, ಮುಖ ಗಂಟಿಕ್ಕಿಕೊಂಡು ಅಲ್ಲೇ ಕೂತಿತು.

ನಾನು ಬಾಗಿಲ ಹಿಂದೆ ಕುಕ್ಕರುಗಾಲಲ್ಲಿ ಕೂತು, ಒಳಗಿನಿಂದ ಆ ಜಾಗಕ್ಕೆ ಟಾರ್ಚು ಬಿಟ್ಟೆ. ಕೆಮ್ಮಣ್ಣು ಮೆತ್ತಿತ್ತು. ಉಳಿದ ಗೋಡೆಯ ಬಣ್ಣವೇ, ಆದರೆ ಒಂದು ಬಿರುಕೂ ಇಲ್ಲ. ಕೈಚೀಲದಿಂದ ಸ್ಕ್ರೂಡ್ರೈವರ್ ತೆಗೆದು ಅಂಚಿಗೆ ಕುಕ್ಕಿದೆ. ಮಣ್ಣಿನ ಕೆಳಗೆ ಟಣ್ ಅಂತ ಸದ್ದು ಬಂತು.

"ಏನು ಮಾಡ್ತಿದ್ದೀರಿ? ಕೋಟೆ ಕೆಡವೋಕೆ ಬಂದ್ರಾ?" ಬೀಹಿಯ ನಗು ಆರಿತ್ತು.

"ಇಲ್ಲಪ್ಪ, ಬೆಕ್ಕಿಗೆ ದಾರಿ ಬಿಡಿಸ್ತಿದ್ದೀನಿ."

ಸುತ್ತಲೂ ಕೆತ್ತಿ ಎಬ್ಬಿಸಿದಾಗ ಇಡೀ ಮುದ್ದೆ ನನ್ನ ಮಡಿಲಿಗೆ ಬಿತ್ತು, ರೊಟ್ಟಿಯಷ್ಟು ಅಗಲ. ಸಿಮೆಂಟು. ಅದರ ತುಂಬ ಹಸಿರು ಗಾಜಿನ ಚೂರು. ಬೆಳಕು ಕಿಂಡಿಯಲ್ಲಿ ಒಳಗೆ ಬಂತು, ಬೆಳಕಿನ ಹಿಂದೆಯೇ ಬೆಕ್ಕೂ ಬಂತು.

"ಹಮ್ಮಜ್ಜ," ಅಂದೆ, "ಈ ಕೋಟೆಯಲ್ಲಿ ಯಾರಾದರೂ ಬೆಕ್ಕಿನ ಕಿಂಡಿ ಮುಚ್ಚಿದ್ದುಂಟಾ?"

ಅವನು ಬೆಕ್ಕಿನ ಕಡೆ ತಿರುಗಿದ.

"ನಾನೇ ಹೇಳ್ತೀನಿ. ನಮ್ಮ ಕಡೆ ಹುಟ್ಟಿ ಇಲ್ಲೇ ಬದುಕಿದವರು ಯಾರೂ ಮುಚ್ಚಲ್ಲ. ಇಲಿಗೆ ಕಿಂಡಿ ಬೇಕಿಲ್ಲ, ಅದು ಮಣ್ಣಿನ ಗೋಡೆ ಕೊರೆದು ಬರುತ್ತೆ. ಕಿಂಡಿ ಬೇಕಾದ್ದು ಬೆಕ್ಕಿಗೆ. ಬೆಕ್ಕು ಬರದ ಕೋಣೆಯಲ್ಲಿ ಬಾರ್ಲಿ ಎಂಟು ವರ್ಷ ಇದ್ದಿದ್ದರೆ ಇವತ್ತು ಇಲ್ಲಿ ಹೊಟ್ಟು, ಹಿಕ್ಕೆ ಬಿಟ್ಟು ಬೇರೇನೂ ಇರುತ್ತಿರಲಿಲ್ಲ." ಇನ್ನೊಂದು ಮುಷ್ಟಿ ಕಾಳು ತೆಗೆದು ಅವನ ಕಾಲ ಬಳಿ ಸುರಿದೆ. "ನೋಡಿ. ಒಂದು ಕಾಳೂ ಕಡಿದಿಲ್ಲ. ಈ ಬೇಸಿಗೆಯ ಸುಗ್ಗಿಯದು. ಬಾಯಲ್ಲಿ ಹಾಕಿದರೆ ಇನ್ನೂ ಹಾಲು ರುಚಿ."

ಇಜ್ಜಾ ಬಾಗಿ ನಾಲ್ಕು ಕಾಳು ಹೆಕ್ಕಿ ನಾಲಿಗೆ ಮೇಲಿಟ್ಟುಕೊಂಡಳು. "ಹೌದು," ಅಂದಳು ಮೆಲ್ಲಗೆ. "ಈ ವರ್ಷದ್ದು. ನಾನು ಕೊಯ್ದದ್ದೇ ಇದು." ಗಂಡನ ಕಡೆ ತಿರುಗಿದಳು. "ನಮ್ಮ ಕೆಳಗಿನ ಹೊಲದ್ದು."

"ಇನ್ನು ಇಲಿ ಬರಬಾರದು ಅಂತ ತೂತಿಗೆ ಗಾಜು ಕಲಸಿದ ಸಿಮೆಂಟು ಮೆತ್ತೋರು ಯಾರು?" ಅಂದೆ. "ದಿನಸಿ ಅಂಗಡಿಯವರು. ನಾನು ಕಾಸಾಬ್ಲಾಂಕಾದಲ್ಲಿ ಬಾಡಿಗೆಗಿದ್ದ ಮನೆ ಕೆಳಗೂ ನಮ್ಮ ಸೀಮೆಯವರದೇ ಅಂಗಡಿ ಇತ್ತು ಬೀಹಿ. ತೂತು ಕಂಡರೆ ಅವರಿಗೆ ಕೈ ಸುಮ್ಮನಿರಲ್ಲ. ಎಂಟು ವರ್ಷದ ಹಳೇ ಬಾರ್ಲಿ ಅಂತ ತೋರಿಸೋಕೆ ರಾಶಿ ಹಾಕಿದೆ. ಇಲಿ ತಿನ್ನುತ್ತೆ ಅಂತ ನಿನ್ನ ಕೈ ತಾನಾಗೇ ಕಿಂಡಿ ಮುಚ್ಚಿತು. ಇಲ್ಲೇ ಉಳಿದಿದ್ದರೆ ನಿನಗೆ ಗೊತ್ತಿರುತ್ತಿತ್ತು."

ಬೀಹಿ ಜೇಬಿನ ಮೊಬೈಲನ್ನು ಸರಿಪಡಿಸಿಕೊಂಡ.

ನನಗೆ ಬೇಕಾಗಿದ್ದುದು ಅವನಲ್ಲ, ಮುದುಕ. ಅವನ ಎದುರಿಗೆ ಹೋಗಿ ನಿಂತೆ.

"ಹಮ್ಮಜ್ಜ, ಬೆಕ್ಕಿಗೆ ದಿನಾ ಹಾಲು ಹಾಕೋರು ನೀವು. ಅದು ಈ ಬಾಗಿಲಿಂದ ಹಿಂದಿರುಗೋದನ್ನ ಬೇಸಿಗೆಯಿಂದ ನೋಡ್ತಾನೇ ಇದ್ದೀರಿ. ನೋಡಿ ಸುಮ್ಮನಿದ್ದೀರಿ. ಇವಳು ನಿಮ್ಮನ್ನ ನಂಬಿ ಇಲ್ಲಿ ಇಟ್ಟಳು, ಬೀಗ ನಂಬಿ ಅಲ್ಲ. ಮರದ ಬೀಗ ಯಾರು ಬೇಕಾದರೂ ಮುರೀಬಹುದು. ನಾಳೆ ಆಣೆ ಮಾಡಿ ಹೇಳಬೇಕು ನೀವು. ಮಾಡ್ತೀರಾ?"

ಮುದುಕ ಕೋಲು ಊರಿಕೊಂಡು ಹೊಸ್ತಿಲ ಮೇಲೆ ಕುಸಿದ.

"ಆಣೆ ಮಾಡಲ್ಲ," ಅಂದ. "ಬಾಗಿಲು ತೆಗೆದದ್ದು ಹೌದು. ಈ ಬೇಸಿಗೆ. ಆದರೆ ಮೊದಲು ತೆಗೆದವನು ಬೀಹಿ ಅಲ್ಲ ತಾಯಿ."

"ಮತ್ತೆ?"

"ಹೇಳಿಸಬೇಡಿ."

"ಹೇಳಿ ಅಜ್ಜ," ಅಂದಳು ಇಜ್ಜಾ. "ನಾನು ಕೇಳ್ತಿದ್ದೀನಿ."

ಅವನು ಅವಳ ಮುಖ ನೋಡಿದ, ಆ ಬೆಳಗಿನಲ್ಲಿ ಮೊದಲ ಸಲ. "ಕೀಲಿಕೈ ತಂದವಳು ತಿಲೀಲಾ. ಅಮ್ಮ ಕಳಿಸಿದ್ದಾಳೆ ಅಂದಳು. ತೆಗೆದಳು, ಗಂಟು ಹೊತ್ತು ಇಳಿದಳು. ಬೀಹಿ ಬಂದದ್ದು ಎರಡು ವಾರ ಬಿಟ್ಟು, ಬಾರ್ಲಿ ತಗೊಂಡು."

ಇಜ್ಜಾಳ ಕೈ ಕತ್ತಿಗೆ ಹೋಯಿತು. ಕೀಲಿಕೈ ಹಿಡಿದುಕೊಂಡಳು, ಬಿಟ್ಟಳು, ಮತ್ತೆ ಹಿಡಿದುಕೊಂಡಳು. ಹಮ್ಮಾಮಿನ ಹೊರಕೋಣೆಯಲ್ಲಿ ಬಟ್ಟೆಗಂಟು ಮಡಿಲಲ್ಲಿಟ್ಟುಕೊಂಡು ಕೂತ ಹುಡುಗಿ ನನ್ನ ಕಣ್ಣಿಗೂ ಕಟ್ಟಿದಳು. ಒಂದು ಸ್ನಾನದ ಹೊತ್ತು ಸಾಕು, ಊರ ಬಡಗಿ ಆ ಕೀಲಿಕೈಗೆ ಜೋಡಿ ಕೆತ್ತಿಕೊಡಲು.

ಬೀಹಿ ನಿಟ್ಟುಸಿರು ಬಿಟ್ಟ. ಈಗ ಅವನ ದನಿಯೇ ಬೇರೆ, ಬೆಣ್ಣೆಯಷ್ಟು ಮೆತ್ತಗೆ.

"ಇದಕ್ಕೇ ಅಕ್ಕ ನಾನು ಬಾಯಿ ಬಿಡದೆ ಇದ್ದದ್ದು. ಬಾರ್ಲಿ ಹಾಕಿದ್ದು ನಾನೇ. ಕಿಂಡಿ ಮುಚ್ಚಿದ್ದೂ ನಾನೇ. ಮಗಳು ಮಾಡಿದ್ದು ಗೊತ್ತಾದ ಮೇಲೆ ಮುಚ್ಚಿ ಹಾಕದೆ ಅಪ್ಪ ಆದವನು ಇನ್ನೇನು ಮಾಡಬೇಕು? ಆ ಬೆಳ್ಳಿ ನಾನು ಕಣ್ಣಲ್ಲಿ ಕಂಡಿಲ್ಲ. ಅವಳೇ ಎಲ್ಲೋ ಮಾರಿದ್ದಾಳೆ. ಬಟ್ಟೆಗೋ, ಬಂಗಾರಕ್ಕೋ, ನನಗೇನು ಗೊತ್ತು."

"ತಿಲೀಲಾ ಹಾಗೆ ಮಾಡಲ್ಲ," ಅಂದಳು ಇಜ್ಜಾ.

"ಮಾಡಲ್ಲ ಅಂದ್ರೆ ನಾಳೆ ಕೇಳೋಣ. ಜಡ್ಜ್ ಮುಂದೆ ನಿಲ್ಲಿಸಿ ಕೇಳೋಣ. ಅವಳ ಅತ್ತೆ ಮನೆಯವರೂ ಅಲ್ಲೇ ಇರ್ತಾರೆ, ನಾನೇ ಬರೋಕೆ ಹೇಳಿದ್ದೀನಿ. ತಾಯಿ ಒಡವೆ ಕದ್ದ ಹುಡುಗಿ ಅಂತ ಅವರಿಗೂ ಗೊತ್ತಾಗಲಿ. ಮದುವೆ ಹೇಗೆ ನಡೆಯುತ್ತೋ ನೋಡೋಣ. ನಿನಗೆ ಪಾಲು ಬೇಕು ತಾನೇ? ತಗೋ."

"ಇಜ್ಜಾ, ಈಗ ಏನೂ ಮಾತಾಡಬೇಡ," ಅಂದೆ. "ಕೆಳಗೆ ಹೋಗಿ ಹುಡುಗಿ ಹತ್ತಿರ ನಾನು..."

ಅವಳಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಆ ಬಾರ್ಲಿಯನ್ನೇ ನೋಡುತ್ತಿದ್ದಳು. ಆಮೇಲೆ ನೆಟ್ಟಗೆ ನಿಂತಳು.

"ನಾನೇ ಕಳಿಸಿದ್ದು," ಅಂದಳು.

"ಇಜ್ಜಾ."

"ತಿಲೀಲಾನ ನಾನೇ ಕಳಿಸಿದ್ದು ಕಲ್ತೂಮಕ್ಕ. ಕೀಲಿಕೈ ನಾನೇ ಕೊಟ್ಟೆ. ಬೆಳ್ಳಿ ನಾನೇ ಮಾರಿಸಿದೆ. ಸಂಸಾರಕ್ಕೆ ಖರ್ಚಾಯ್ತು."

"ಅಂದರೆ ಅಂಗಡಿಗೂ ಅದಕ್ಕೂ ಸಂಬಂಧ ಇಲ್ಲ?" ಬೀಹಿ ಮೆತ್ತಗೆ ಕೇಳಿದ.

"ಸಂಬಂಧ ಇಲ್ಲ. ಮಗಳ ಹೆಸರು ಎತ್ತಬೇಡ."

ಬೀಹಿ ಜೇಬಿನಿಂದ ಮೊಬೈಲು ತೆಗೆದು ಒಂದು ಬೆರಳಿನಿಂದ ಒತ್ತಿ ನಿಲ್ಲಿಸಿದ. ನಾವು ಬೆಟ್ಟ ಹತ್ತಿದಾಗಿನಿಂದ ಅದು ನಮ್ಮ ಮಾತನ್ನೆಲ್ಲ ರೆಕಾರ್ಡ್ ಮಾಡಿಕೊಳ್ಳುತ್ತಲೇ ಇತ್ತು.

"ದೇವರು ನಿನಗೆ ಒಳ್ಳೇದು ಮಾಡಲಿ ಇಜ್ಜಾ," ಅಂದ. "ನಾಳೆ ಸಿಗೋಣ."

ನನಗೆ ಬಂದ ಸಿಟ್ಟಿಗೆ ಆ ಸಿಮೆಂಟು ಮುದ್ದೆಯನ್ನು ಅವನ ತಲೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಕೈಚೀಲಕ್ಕೆ ತುರುಕಿದೆ. ಇಪ್ಪತ್ತೆರಡು ವರ್ಷದ ದುಡಿಮೆಯನ್ನು ಅವಳು ಎರಡು ಮಾತಿನಲ್ಲಿ ಕೈಯೆತ್ತಿ ಕೊಟ್ಟುಬಿಟ್ಟಿದ್ದಳು. ಬಯ್ಯೋಣ ಅಂದರೆ ಬಾಯಿ ಬರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೆ ಏನು ಹೇಳುತ್ತಿದ್ದೆ, ನನಗೂ ಗೊತ್ತಿಲ್ಲ.

"ನೀವು ನಡೀರಿ ಅಕ್ಕ, ಬೀಗ ಹಾಕಿ ಬರ್ತೀನಿ," ಅಂದಳು. ಬೆಳ್ಳಿಯೇ ಇಲ್ಲದ ಕೋಣೆಗೆ ಬೀಗ ಹಾಕುತ್ತಾಳಂತೆ. ಆದರೂ ಹಾಕಲಿ ಅಂತ ಇಳಿದೆ. ಒಂದೊಂದು ಚಪ್ಪಡಿಗೂ ಬೀಹಿಯ ವಂಶಕ್ಕೆ ಒಂದೊಂದು ಮಾತು ಅಂದುಕೊಂಡು ಇಳಿದೆ.

ಕಾರಿನ ಬಾಗಿಲು ತೆಗೆದಾಗ ತಿಲೀಲಾ ಹಿಂದಿನ ಸೀಟಿನಲ್ಲಿ ಮಂಡಿ ಅಪ್ಪಿಕೊಂಡು ಕೂತಿದ್ದಳು. ನಾನು ಮುಂದೆ ಕೂತು, ನೀರಿನ ಬಾಟಲಿಗಾಗಿ ಚೀಲಕ್ಕೆ ಕೈ ಹಾಕಿದೆ. ಸಿಮೆಂಟು ಮುದ್ದೆ ಕೈಗೆ ಬಂತು. ಚೀಲದಲ್ಲಿ ಕುಲುಕಾಡಿ ಅದರ ಒಳಮುಖಕ್ಕೆ ಮೆತ್ತಿದ್ದ ಕೆಮ್ಮಣ್ಣು ಹೆಕ್ಕಳಿಕೆ ಎದ್ದಿತ್ತು.

ಸುಮ್ಮನೆ ಹೆಬ್ಬೆರಳಿನಿಂದ ಉಜ್ಜಿದೆ. ಮಣ್ಣು ಉದುರಿತು.

ಸಿಮೆಂಟಿನಲ್ಲಿ ಒಂದು ತ್ರಿಕೋನ ಮೂಡಿತ್ತು. ಅಂಗೈಯಷ್ಟು ಅಗಲ. ಒಳಗೆ ಸಣ್ಣ ಸಣ್ಣ ಗೆರೆಯ ಕುಸುರಿ, ಅಚ್ಚೊತ್ತಿದ ಹಾಗೆ. ಅಂಚಿನಲ್ಲಿ ಮೊಗ್ಗಿನ ಗುಳಿಗಳು. ಬೆರಳಿಟ್ಟು ನೋಡಿದೆ. ನಾಲ್ಕು ಗುಳಿ. ಐದನೆಯದರ ಜಾಗದಲ್ಲಿ ಮುರಿದ ಮೊಂಡು.

ಹಸಿ ಸಿಮೆಂಟನ್ನು ಒತ್ತಿ ಮಟ್ಟ ಮಾಡಲು ಆ ಮನುಷ್ಯನಿಗೆ ಕೈಗೆ ಸಿಕ್ಕಿದ್ದು ಅತ್ತೆಯ ಬೆಳ್ಳಿ. ಕಣ್ಣಲ್ಲೇ ಕಂಡಿಲ್ಲ ಅಂದವನು ಅದನ್ನು ಕರಣೆಯ ಹಾಗೆ ಬಳಸಿದ್ದ. ಅಂದರೆ ಅವನು ಬಾರ್ಲಿ ಸುರಿದು ಕಿಂಡಿ ಮುಚ್ಚಿದ ದಿನ ಬೆಳ್ಳಿ ಇನ್ನೂ ಆ ಕೋಣೆಯಲ್ಲೇ ಇತ್ತು. ಹುಡುಗಿ ಕೀಲಿಕೈ ತಂದಿರಬಹುದು. ಬೆಳ್ಳಿ ಒಯ್ದವಳು ಅವಳಲ್ಲ. ಗಂಟಿನ ಕತೆ ಮುದುಕನ ಬಾಯಿಗೆ ಬೀಹಿಯೇ ತುರುಕಿದ್ದು.

ಇದನ್ನು ನಾಳೆ ಜಡ್ಜ್ ಮೇಜಿನ ಮೇಲಿಟ್ಟರೆ ಸಾಕು. ಮೊಬೈಲಿನಲ್ಲಿ ಇಜ್ಜಾ ಏನಾದರೂ ಹೇಳಿರಲಿ, ಮಗಳಿಗಾಗಿ ಹೇಳಿದ ಸುಳ್ಳು ಅಂತ ಯಾರಿಗಾದರೂ ಗೊತ್ತಾಗುತ್ತದೆ.

"ನೋಡಿಲ್ಲಿ ಮಗಳೇ," ಅಂತ ಹಿಂದಕ್ಕೆ ತಿರುಗಿ ಆ ಮುದ್ದೆ ಹಿಡಿದು ತೋರಿಸಿದೆ. "ನಿನ್ನ ಮೇಲೆ ಕಳ್ಳತನ ಹೊರಿಸಿದ್ದಾರೆ ಮೇಲೆ. ನಿಮ್ಮಮ್ಮ ನಿನಗೋಸ್ಕರ ಪಾಲು ಬಿಟ್ಟು ಕೊಟ್ಟಳು. ಇದು ನಿಮ್ಮಿಬ್ಬರನ್ನೂ ಉಳಿಸುತ್ತೆ."

ತಿಲೀಲಾ ಆ ಅಚ್ಚು ನೋಡಿದಳು. ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳ ಮುಖ ಸುಣ್ಣದ ಹಾಗಾಯಿತು.

ಮೇಲೆ ಕೋಟೆಯ ಬಾಗಿಲಲ್ಲಿ ಇಜ್ಜಾ ಕಾಣಿಸಿದಳು. ಕಾಲುದಾರಿಯಲ್ಲಿ ನಮ್ಮ ಕಡೆ ಇಳಿಯತೊಡಗಿದಳು.

ಹುಡುಗಿ ಸೀಟಿನ ಮೇಲಿಂದ ಬಾಗಿ ನನ್ನ ಮಣಿಕಟ್ಟು ಹಿಡಿದಳು.

"ಅಮ್ಮನಿಗೆ ಇದನ್ನ ತೋರಿಸಬೇಡಿ ದೊಡ್ಡಮ್ಮ. ಕಳ್ಳಿ ಅಂತ ಹೇಳಲಿ, ಮದುವೆ ಮುರೀಲಿ, ನಾನು ತಡ್ಕೋತೀನಿ. ಆ ಬೆಳ್ಳಿ ಅಪ್ಪ ಮಾರಿಲ್ಲ. ಅದು ಈಗ ಕಾಸಾಬ್ಲಾಂಕಾದಲ್ಲಿ ಯಾವ ಹೆಂಗಸಿನ ಎದೆ ಮೇಲಿದೆ ಅಂತ ಅಮ್ಮನಿಗೆ ಗೊತ್ತಾಗಬಾರದು."